ಹೊರದೇಶಕ್ಕೆ ದುಡಿಯಲು ಹೋದವರಿಗೆ ಸರ್ಕಾರದ ನೆರವು: ಮನೆಯಲ್ಲಿ ಉಳಿದವರು ಮಾಡಬೇಕಾದ ಕೆಲಸ

ಗಂಗಾವತಿಯಲ್ಲಿ ಅರ್ಜಿ ಬರೆಯುವ, ಟೈಪ್ ಮಾಡುವ, ಆನ್‌ಲೈನ್ ಫಾರಂ ತುಂಬಿಕೊಡುವ ಸಣ್ಣ ಅಂಗಡಿ ನನ್ನದು. ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುತ್ತಿದ್ದವರು, ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದವರು, ಕುಷ್ಟಗಿ, ಸಿಂಧನೂರು, ಮಾನ್ವಿ ಕಡೆಯ ಗಾರೆ ಕೆಲಸದವರು ಸೌದಿ, ಕುವೈತ್, ಕತಾರ್ ಎಂದು ಹೊರಟು ಹೋಗುತ್ತಾರೆ. ಅಲ್ಲಿ ಏನಾದರೂ ಆದಾಗ ಅವರ ಮನೆಯವರು ನನ್ನ ಮುಂದೆ ಬಂದು ಕೂರುತ್ತಾರೆ. ಹೆಚ್ಚಿನವರ ಕೈಯಲ್ಲಿ ಒಂದು ಮೊಬೈಲ್ ನಂಬರ್ ಬಿಟ್ಟರೆ ಬೇರೇನೂ ಇರುವುದಿಲ್ಲ. ಮಗ ಯಾವ ಕಂಪನಿಯಲ್ಲಿದ್ದಾನೆ, ಯಾವ ಊರಿನಲ್ಲಿದ್ದಾನೆ, ಪಾಸ್‌ಪೋರ್ಟ್ ಸಂಖ್ಯೆ ಎಷ್ಟು, ಯಾವ ವೀಸಾದ ಮೇಲೆ ಹೋದ, ಒಂದೂ ತಿಳಿದಿರುವುದಿಲ್ಲ. ಸರ್ಕಾರ ಅವನನ್ನು ಎಲ್ಲಿ ಹುಡುಕಬೇಕು?

ಹೊರದೇಶದಲ್ಲಿರುವ ನಮ್ಮವರಿಗೆ ಸರ್ಕಾರದ ನೆರವೇ ಇಲ್ಲ ಎಂಬ ಮಾತನ್ನು ದಿನವೂ ಕೇಳುತ್ತೇನೆ. ನೆರವು ಇದೆ. ಆದರೆ ದಾಖಲೆಯಲ್ಲಿ ಹೆಸರಿದ್ದವನಿಗೆ ಅದು ಬೇಗ ಸಿಗುತ್ತದೆ, ಹೆಸರಿಲ್ಲದವನಿಗೆ ತಡವಾಗಿ ಸಿಗುತ್ತದೆ, ಕೆಲವರಿಗೆ ಸಿಗುವುದೇ ಇಲ್ಲ. ಹಾಗಾಗಿ ಇದನ್ನು ಮುಖ್ಯವಾಗಿ ಮನೆಯಲ್ಲಿರುವ ಹೆಣ್ಣುಮಕ್ಕಳಿಗೆಂದು ಬರೆಯುತ್ತಿದ್ದೇನೆ. ಗಂಡಸರು ವಿಮಾನ ಹತ್ತಿ ಹೋಗುತ್ತಾರೆ. ಕಾಗದ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆಯುವವರು ನೀವು.

ಚೀನಾದವರು ಏನು ಮಾಡಿದರು

ಬಳ್ಳಾರಿಯ ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದುತ್ತಿದ್ದ ನಮ್ಮ ಓಣಿಯ ಹುಡುಗಿಯೊಬ್ಬಳ ಪ್ರಬಂಧವನ್ನು ನಾನು ಟೈಪ್ ಮಾಡಿಕೊಟ್ಟಿದ್ದೆ. ಹೊರದೇಶಗಳಲ್ಲಿ ನೆಲೆಸಿದ ಚೀನೀಯರಿಗೆ ಅವರ ಸರ್ಕಾರ ಕೊಡುವ ಬೆಂಬಲ ಅದರ ವಿಷಯ. ಟೈಪ್ ಮಾಡುವಾಗ ಮೊದಲು ಬೇಸರವಿತ್ತು. ಎರಡನೇ ಅಧ್ಯಾಯಕ್ಕೆ ಬರುವಷ್ಟರಲ್ಲಿ ನನ್ನ ಅಂಗಡಿಯ ವಿಷಯವನ್ನೇ ಬರೆದಿದ್ದಾರೆ ಅನ್ನಿಸಿತು.

ಗ್ವಾಂಗ್‌ಡಾಂಗ್, ಫುಜಿಯನ್ ಪ್ರಾಂತ್ಯಗಳ ಜನ ತಲೆಮಾರುಗಳಿಂದ ಸಮುದ್ರ ದಾಟಿದವರು. ಹೊರದೇಶಗಳಲ್ಲಿರುವ ಚೀನೀ ಮೂಲದವರು ಸುಮಾರು 6 ಕೋಟಿ ಎಂಬುದು ಅಲ್ಲಿನ ಸರ್ಕಾರ ಹೇಳುವ ಲೆಕ್ಕ. ನನ್ನನ್ನು ತಡೆದು ನಿಲ್ಲಿಸಿದ್ದು ಆ ಸಂಖ್ಯೆಯಲ್ಲ, ಮನೆಯಲ್ಲಿ ಉಳಿದವರಿಗಾಗಿ ಅವರು 1990ರಲ್ಲೇ ಒಂದು ಕಾನೂನು ಮಾಡಿದ್ದಾರೆ ಎಂಬ ಸಂಗತಿ. ಊರಿಗೆ ಮರಳಿದವರು ಮತ್ತು ಹೊರಗಿರುವವರ ಮನೆಮಂದಿ, ಇವರ ಹಕ್ಕುಗಳನ್ನು ಕಾಯುವುದೇ ಆ ಕಾನೂನಿನ ಕೆಲಸ. ಹೊರಗಿನಿಂದ ಬಂದ ಹಣ, ಊರಿನ ಮನೆ ಎಲ್ಲವೂ ಅದರ ವ್ಯಾಪ್ತಿಯಲ್ಲಿವೆ. ಮರಳಿ ಬಂದವರ ಒಕ್ಕೂಟವೊಂದು 1956ರಿಂದಲೂ ಇದೆ, ಅದಕ್ಕೆ ಕೆಳಹಂತದವರೆಗೂ ಶಾಖೆಗಳಿವೆ. ಅಂದರೆ ಫುಜಿಯನ್‌ನ ಯಾವುದೋ ಹಳ್ಳಿಯ ತಾಯಿಗೆ ತನ್ನ ಮಗನ ವಿಷಯ ಕೇಳಲು ತಾಲ್ಲೂಕು ಕೇಂದ್ರದಂಥ ಊರಿನಲ್ಲಿಯೇ ಒಂದು ಬಾಗಿಲು ಇದೆ. ನಮ್ಮ ಕೊಪ್ಪಳ ಜಿಲ್ಲೆಯ ತಾಯಿಗೆ ಅಂಥ ಬಾಗಿಲು ಇಲ್ಲ. ಅದಕ್ಕಾಗಿಯೇ ಅವಳು ನನ್ನ ಅಂಗಡಿಗೆ ಬರುತ್ತಾಳೆ.

2011ರ ಲಿಬಿಯಾದ ಕತೆಯೂ ಆ ಪ್ರಬಂಧದಲ್ಲಿತ್ತು. ಅಲ್ಲಿ ಅಂತರ್ಯುದ್ಧ ಶುರುವಾದಾಗ ಚೀನಾ ಎರಡು ವಾರದೊಳಗೆ 35 ಸಾವಿರಕ್ಕೂ ಹೆಚ್ಚು ಜನರನ್ನು ಹಡಗು, ವಿಮಾನ, ಬಸ್ಸುಗಳಲ್ಲಿ ಹೊರಗೆ ತಂದಿತು. ಅವರಲ್ಲಿ ಬಹಳ ಮಂದಿ ಚೀನೀ ಕಂಪನಿಗಳು ಹಿಡಿದಿದ್ದ ಕಟ್ಟಡ, ರೈಲು ಕಾಮಗಾರಿಗಳಲ್ಲಿದ್ದವರು. ಯಾವ ಶಿಬಿರದಲ್ಲಿ ಯಾರಿದ್ದಾರೆ ಎಂಬುದು ಕಂಪನಿಗಳ ಹಾಜರಿ ಪಟ್ಟಿಯಲ್ಲಿತ್ತು. ಪಟ್ಟಿ ಇದ್ದುದರಿಂದ ಎಣಿಸಲು ಸಾಧ್ಯವಾಯಿತು, ಎಣಿಸಲು ಆದುದರಿಂದ ಕರೆತರಲು ಆಯಿತು. ಅದೇ ಹೊತ್ತಿನಲ್ಲಿ ಭಾರತವೂ ಅಲ್ಲಿಂದ 15 ಸಾವಿರಕ್ಕೂ ಹೆಚ್ಚು ಜನರನ್ನು ಕರೆತಂದಿತು ಎಂಬುದನ್ನೂ ಹೇಳಬೇಕು. 2014ರಲ್ಲಿ ಚೀನಾ ತನ್ನ ಪ್ರಜೆಗಳಿಗೆ 12308 ಎಂಬ ಒಂದೇ ಸಹಾಯವಾಣಿ ತೆರೆಯಿತು. 2023ರ ಸೆಪ್ಟೆಂಬರ್ 1ರಿಂದ ರಾಯಭಾರ ಕಚೇರಿಗಳು ಯಾವ ಸಂದರ್ಭದಲ್ಲಿ ಏನು ಮಾಡಬೇಕು ಎಂಬ ನಿಯಮಾವಳಿಯನ್ನೇ ಜಾರಿಗೆ ತಂದಿತು.

ಆ ಬೆಂಬಲಕ್ಕೊಂದು ಬೆಲೆಯೂ ಇದೆ. ಹೊರದೇಶದ ಚೀನೀಯರ ವ್ಯವಹಾರ ನೋಡುತ್ತಿದ್ದ ಸರ್ಕಾರಿ ಕಚೇರಿಯನ್ನು 2018ರಲ್ಲಿ ಕಮ್ಯುನಿಸ್ಟ್ ಪಕ್ಷದ ಒಂದು ವಿಭಾಗದೊಳಗೆ ಸೇರಿಸಿದರು. ಅಂದಮೇಲೆ ನೆರವಿನ ಜೊತೆ ನಿಷ್ಠೆಯ ನಿರೀಕ್ಷೆಯೂ ಬರುತ್ತದೆ. ನ್ಯೂಯಾರ್ಕಿನ ಚೈನಾಟೌನ್‌ನಲ್ಲಿ ಚೀನಾದ ಪೊಲೀಸರಿಗಾಗಿ ಗುಟ್ಟಾಗಿ ಠಾಣೆ ನಡೆಸುತ್ತಿದ್ದರು ಎಂಬ ಆರೋಪದ ಮೇಲೆ 2023ರ ಏಪ್ರಿಲ್‌ನಲ್ಲಿ ಅಮೆರಿಕ ಇಬ್ಬರನ್ನು ಬಂಧಿಸಿತು. ಕಾಪಾಡುವ ಕೈಯೇ ಕಾವಲಿಗೂ ನಿಲ್ಲುವುದು ನನಗೆ ಬೇಡ. ಅವರಿಂದ ನಾವು ಕಲಿಯಬೇಕಾದದ್ದು ಇಷ್ಟು: ಹೋಗುವವನ ಹೆಸರು ಪಟ್ಟಿಯಲ್ಲಿರಬೇಕು, ಮನೆಯವರ ಹತ್ತಿರ ಕಾಗದವಿರಬೇಕು. ಈ ಎರಡನ್ನು ಹೇಗೆ ಮಾಡಿಕೊಳ್ಳಬೇಕೆಂದು ಮುಂದೆ ಹೇಳುತ್ತೇನೆ.

ಹೊರಡುವ ಮೊದಲು

ಪಾಸ್‌ಪೋರ್ಟ್ ತೆಗೆದು ನೋಡಿ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಸಾಮಾನ್ಯವಾಗಿ ‘ವಲಸೆ ತಪಾಸಣೆ ಅಗತ್ಯ’ ಎಂಬ ಅರ್ಥದ ಇಂಗ್ಲಿಷ್ ಮುದ್ರೆ ಇರುತ್ತದೆ. ಇದನ್ನೇ ಏಜೆಂಟರು ಇಸಿಆರ್ ಎನ್ನುತ್ತಾರೆ. ಇಂಥವರು ಕೊಲ್ಲಿ ದೇಶಗಳೂ ಮಲೇಷ್ಯಾವೂ ಸೇರಿದಂತೆ ಸರ್ಕಾರ ಪಟ್ಟಿ ಮಾಡಿರುವ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ 1983ರ ವಲಸೆ ಕಾಯ್ದೆಯಂತೆ ವಲಸೆ ಅನುಮತಿ ಪಡೆಯಲೇಬೇಕು. ಮುದ್ರೆ ಇದ್ದರೆ ಅವಮಾನವೇನೂ ಇಲ್ಲ. ಅದು ರಕ್ಷಣೆ. ಆ ಅನುಮತಿ ಕೊಡುವ ಮೊದಲು ಮಾಲೀಕ ಯಾರು, ಸಂಬಳ ಎಷ್ಟು, ಒಪ್ಪಂದ ಇದೆಯೇ, ವಿಮೆ ಆಗಿದೆಯೇ ಎಂಬುದೆಲ್ಲ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ದಾಖಲಾಗುತ್ತದೆ. ನಾನು ಹೇಳಿದ ಪಟ್ಟಿ ಇದೇ.

ಈ ಅನುಮತಿಯ ತಾಪತ್ರಯ ಬೇಡ, ವಿಸಿಟ್ ವೀಸಾದಲ್ಲಿ ಕಳುಹಿಸುತ್ತೇವೆ, ಅಲ್ಲಿ ಇಳಿದ ಮೇಲೆ ಕೆಲಸದ ವೀಸಾ ಮಾಡಿಸೋಣ ಎಂದು ಏಜೆಂಟ್ ಹೇಳಿದರೆ ಅಲ್ಲಿಗೇ ನಿಲ್ಲಿಸಿ. ದಯವಿಟ್ಟು ನಿಲ್ಲಿಸಿ. ಪ್ರವಾಸಿ ವೀಸಾದಲ್ಲಿ ದುಡಿಯುವುದು ಆ ದೇಶದಲ್ಲಿ ಅಪರಾಧ. ಸಂಬಳ ಕೊಡದಿದ್ದಾಗ ದೂರು ಕೊಡಲು ಹೋದವನೇ ಅಪರಾಧಿಯಾಗುತ್ತಾನೆ. ಭಾರತದ ದಾಖಲೆಯಲ್ಲೂ ಅವನು ಪ್ರವಾಸಕ್ಕೆ ಹೋದವನು, ದುಡಿಯಲು ಹೋದವನಲ್ಲ.

ಏಜೆಂಟ್ ಯಾರೆಂದು ಪರೀಕ್ಷಿಸುವುದು ಸುಲಭ. ಪರವಾನಗಿ ಇರುವ ನೇಮಕಾತಿ ಏಜೆಂಟರ ಪಟ್ಟಿ ಇ-ಮೈಗ್ರೇಟ್‌ನಲ್ಲಿದೆ. ಅವನ ಪರವಾನಗಿ ಸಂಖ್ಯೆ ಕೇಳಿ, ಅಲ್ಲಿ ಹುಡುಕಿ, ಅದು ಚಾಲ್ತಿಯಲ್ಲಿದೆಯೋ ಅವಧಿ ಮುಗಿದಿದೆಯೋ ಅಮಾನತಾಗಿದೆಯೋ ನೋಡಿ. ಮೊಬೈಲಿನಲ್ಲೇ ಆಗುವ ಕೆಲಸವಿದು. ನಮ್ಮ ಕಡೆ ಬರುವವರು ಬಹುಪಾಲು ದೊಡ್ಡ ಏಜೆಂಟನ ಹೆಸರು ಹೇಳಿಕೊಂಡು ತಿರುಗುವ ಉಪ ಏಜೆಂಟರು. ಹೈದರಾಬಾದಿನಲ್ಲಿ ಆಫೀಸು, ಮುಂಬೈಯಲ್ಲಿ ಆಫೀಸು ಎನ್ನುತ್ತಾರೆ, ಚಹಾದಂಗಡಿಯಲ್ಲಿ ಕೂತು ದುಡ್ಡು ಎಣಿಸಿಕೊಳ್ಳುತ್ತಾರೆ. ಕಾನೂನಿನಲ್ಲಿ ಅವರಿಗೆ ಜಾಗವಿಲ್ಲ. ಪರವಾನಗಿ ಹೊಂದಿದ ಏಜೆಂಟ್ ಸೇವಾಶುಲ್ಕವಾಗಿ ಗರಿಷ್ಠ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ ಪಡೆಯಬಹುದು, ರಸೀದಿ ಕೊಡಬೇಕು. ಲಕ್ಷ, ಒಂದೂವರೆ ಲಕ್ಷ ಕೇಳುವವನು ಯಾವುದರ ಲೆಕ್ಕ ಹೇಳುತ್ತಿದ್ದಾನೆ ಎಂದು ಕೇಳಿ. ಹಣವನ್ನು ಕೈಗೆ ಕೊಡಬೇಡಿ, ಬ್ಯಾಂಕ್ ಖಾತೆಗೆ ಹಾಕಿ. ಕೈಗೆ ಕೊಟ್ಟ ಹಣಕ್ಕೆ ನಾಳೆ ನಾನು ಯಾವ ಅರ್ಜಿಯಲ್ಲೂ ಸಾಕ್ಷಿ ತೋರಿಸಲಾರೆ.

ಮನೆಗೆಲಸಕ್ಕೆಂದು ಹೋಗುವ ಹೆಣ್ಣುಮಕ್ಕಳ ವಿಷಯ ಬೇರೆ. ಅವರ ಪಾಸ್‌ಪೋರ್ಟ್ ಇಸಿಆರ್ ಆಗಿದ್ದರೆ ಆ 18 ದೇಶಗಳಿಗೆ ಹೋಗಲು 30 ವರ್ಷ ತುಂಬಿರಬೇಕು, ಸರ್ಕಾರ ಗೊತ್ತುಪಡಿಸಿದ ಸರ್ಕಾರಿ ನೇಮಕಾತಿ ಸಂಸ್ಥೆಗಳ ಮೂಲಕವೇ ಹೋಗಬೇಕು. ಖಾಸಗಿ ಏಜೆಂಟ್ ಒಬ್ಬ ‘ನನ್ನ ಮೂಲಕ ಕಳುಹಿಸುತ್ತೇನೆ, ವಯಸ್ಸು ಹೊಂದಿಸುತ್ತೇನೆ’ ಎಂದರೆ ಅವನು ನಿಮ್ಮ ಮಗಳನ್ನು ಕಾನೂನಿನ ಹೊರಗೆ ಕಳುಹಿಸುತ್ತಿದ್ದಾನೆ ಎಂದೇ ತಿಳಿಯಿರಿ.

ವಿಮೆಯ ಬಗ್ಗೆ ಕೇಳಿದರೆ ಬಹಳ ಮಂದಿ ಗೊತ್ತಿಲ್ಲ ಎನ್ನುತ್ತಾರೆ. ಪ್ರವಾಸಿ ಭಾರತೀಯ ಬಿಮಾ ಯೋಜನೆ ಇಸಿಆರ್ ಕೆಲಸಗಾರರಿಗೆ ಕಡ್ಡಾಯ. ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ, ಮೇಲೆ ತೆರಿಗೆ. ಅಪಘಾತದಲ್ಲಿ ಸತ್ತರೆ ಅಥವಾ ಶಾಶ್ವತ ಅಂಗವೈಕಲ್ಯವಾದರೆ 10 ಲಕ್ಷ ರೂಪಾಯಿ. ಆಸ್ಪತ್ರೆ ಖರ್ಚಿಗೆ 1 ಲಕ್ಷದವರೆಗೆ ಇದೆ. ಅವನು ಮಾಲೀಕನನ್ನೋ ಕೆಲಸದ ಜಾಗವನ್ನೋ ಬದಲಿಸಿದರೂ ಅವಧಿ ಮುಗಿಯುವವರೆಗೆ ವಿಮೆ ಸಿಂಧುವಾಗಿರುತ್ತದೆ. ಅವಧಿ ಮುಗಿದ ಮೇಲೆ ಅಲ್ಲಿಂದಲೇ ಆನ್‌ಲೈನ್ ಮೂಲಕ ನವೀಕರಿಸಬಹುದು, ಇದನ್ನು ಯಾರೂ ನೆನಪಿಡುವುದಿಲ್ಲ. ಪಾಲಿಸಿಯ ಪ್ರತಿ ಏಜೆಂಟನ ಬ್ಯಾಗಿನಲ್ಲಲ್ಲ, ನಿಮ್ಮ ಮನೆಯಲ್ಲಿರಬೇಕು. ಅದರಲ್ಲಿ ನಾಮಿನಿ ಎಂದು ಯಾರ ಹೆಸರಿದೆ ಎಂದು ಓದಿಸಿಕೊಳ್ಳಿ.

ಹೊರಡುವವರಿಗೆ ಸರ್ಕಾರ ಒಂದು ದಿನದ ಉಚಿತ ತರಬೇತಿಯನ್ನೂ ಕೊಡುತ್ತದೆ, ಅದು ಸಿಕ್ಕರೆ ಬಿಡಬಾರದು. ಹತ್ತನೇ ತರಗತಿ ಪಾಸಾದವರಿಗೆ ವಲಸೆ ಅನುಮತಿ ಬೇಕಿಲ್ಲ. ಆದರೂ ಅವರು ಇ-ಮೈಗ್ರೇಟ್‌ನಲ್ಲಿ ಸ್ವಇಚ್ಛೆಯಿಂದ ಹೆಸರು ದಾಖಲಿಸಬಹುದು. ದಾಖಲಿಸಲೇಬೇಕು ಎಂಬುದು ನನ್ನ ಒತ್ತಾಯ.

ಮನೆಯಲ್ಲಿ ಇರಬೇಕಾದ ಕಡತ

ನನ್ನ ಮೈದುನ ಸೌದಿಯ ದಮ್ಮಾಮಿನಲ್ಲಿದ್ದಾನೆ. ಅವನ ಕಡತ ನಮ್ಮ ದೇವರ ಮನೆಯ ಕಪಾಟಿನಲ್ಲಿ, ಹೊಲದ ಪಹಣಿಯ ಪಕ್ಕದಲ್ಲಿದೆ. ಅದರಲ್ಲಿ ಏನಿದೆ ಎಂದು ಹೇಳುತ್ತೇನೆ, ನೀವೂ ಹಾಗೆಯೇ ಮಾಡಿಕೊಳ್ಳಿ.

ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟಗಳ ಜೆರಾಕ್ಸ್. ವೀಸಾ. ಕೆಲಸದ ಒಪ್ಪಂದ, ಅರಬ್ಬಿಯಲ್ಲಿದ್ದರೆ ಇಂಗ್ಲಿಷ್ ಪ್ರತಿಯೂ. ಏಜೆಂಟನ ರಸೀದಿ, ಅವನ ಪರವಾನಗಿ ಸಂಖ್ಯೆ. ವಿಮೆಯ ಪಾಲಿಸಿ. ಹೋದ ದಿನದ ಟಿಕೆಟ್. ಇವು ಹೊರಡುವ ಮೊದಲೇ ಇಡಬೇಕಾದವು. ಅಲ್ಲಿ ಹೋದ ಮೇಲೆ ಅವನು ವಾಟ್ಸಾಪಿನಲ್ಲಿ ಕಳುಹಿಸಬೇಕಾದವು ಇನ್ನೊಂದಿಷ್ಟಿವೆ: ವಾಸದ ಪರವಾನಗಿಯ, ಸೌದಿಯಲ್ಲಾದರೆ ಇಕಾಮಾದ, ಫೋಟೊ. ಕಂಪನಿಯ ಪೂರ್ತಿ ಹೆಸರು ಮತ್ತು ವಿಳಾಸ. ಮಲಗುವ ಶಿಬಿರ ಎಲ್ಲಿದೆ ಎಂಬುದು, ಮೊಬೈಲ್ ನಕ್ಷೆಯಲ್ಲಿ ತೆಗೆದು ಕಳುಹಿಸಿದ ಜಾಗ. ಜೊತೆಗಿರುವ ಇಬ್ಬರು ಗೆಳೆಯರ ನಂಬರ್. ಗೆಳೆಯರ ನಂಬರ್ ಅತ್ಯಂತ ಮುಖ್ಯ. ನಮ್ಮವನ ಫೋನ್ ಬಂದಾದಾಗ ಸುಳಿವು ಕೊಡುವವರು ಅವರೇ. ಜೆರಾಕ್ಸ್ ಜೊತೆಗೆ ಎಲ್ಲವನ್ನೂ ಸ್ಕ್ಯಾನ್ ಮಾಡಿ ಮನೆಯ ಇಬ್ಬರ ಮೊಬೈಲಿನಲ್ಲಿ ಇಡಿ, ಒಂದು ಮೊಬೈಲ್ ಕೆಟ್ಟರೆ ಇನ್ನೊಂದರಲ್ಲಿ ಇರಲಿ.

ಇನ್ನು ಹೆಸರಿನ ವಿಷಯ. ನಮ್ಮ ಕಡೆಯ ಅರ್ಧ ಅರ್ಜಿಗಳು ಇಲ್ಲೇ ಸಿಕ್ಕಿಬೀಳುತ್ತವೆ. ಆಧಾರ್‌ನಲ್ಲಿ ಹುಲಿಗೆಮ್ಮ, ರೇಷನ್ ಕಾರ್ಡಿನಲ್ಲಿ ಹುಲಿಗೆವ್ವ, ಗಂಡನ ಪಾಸ್‌ಪೋರ್ಟಿನಲ್ಲಿ ಹೆಂಡತಿಯ ಹೆಸರಿನ ಇಂಗ್ಲಿಷ್ ಅಕ್ಷರಗಳು ಮೂರನೆಯ ಬಗೆ. ಊರಿನಲ್ಲಿ ಎಲ್ಲರಿಗೂ ಗೊತ್ತು ಅವಳೇ ಎಂದು. ವಿಮಾ ಕಂಪನಿಗೆ ಗೊತ್ತಿಲ್ಲ. ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರು ಇದ್ದು ಆಧಾರ್‌ನಲ್ಲಿ ಇಲ್ಲದಿರುವುದು, ತಂದೆಯ ಹೆಸರು ಒಂದರಲ್ಲಿ ಪೂರ್ತಿ ಇನ್ನೊಂದರಲ್ಲಿ ಮೊದಲ ಅಕ್ಷರ ಮಾತ್ರ, ಇಂಥವೆಲ್ಲ ಸಾವಿನ ಮನೆಯಲ್ಲಿ ಕೂತು ಸರಿಪಡಿಸುವ ಕೆಲಸವಲ್ಲ. ಅವನು ಹೊರಡುವ ಮೊದಲೇ ಗಂಡ, ಹೆಂಡತಿ, ತಾಯಿ ಮೂವರ ಕಾಗದಗಳನ್ನು ಒಂದೇ ಮೇಜಿನ ಮೇಲೆ ಹರಡಿ ಅಕ್ಷರ ಅಕ್ಷರ ಹೋಲಿಸಿ ನೋಡಿ. ಮದುವೆ ನೋಂದಣಿ ಆಗಿಲ್ಲವಾದರೆ ಅದನ್ನೂ ಮಾಡಿಸಿ. ಹಣ ಬರುವ ಬ್ಯಾಂಕ್ ಖಾತೆಗೆ ನಾಮಿನಿ ಇರಲಿ.

ತೊಂದರೆ ಬಂದಾಗ

ಮೊದಲು ಫೋನ್. ವಿದೇಶಾಂಗ ಸಚಿವಾಲಯದ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ಸಂಖ್ಯೆ 1800 11 3090. ಹೊರಗಿರುವವನು ಅಲ್ಲಿನ ಭಾರತೀಯ ರಾಯಭಾರ ಕಚೇರಿಗೋ ಕಾನ್ಸುಲೇಟಿಗೋ ನೇರವಾಗಿ ಕರೆ ಮಾಡಬೇಕು. ಯಾವ ಊರು ಯಾವ ಕಚೇರಿಗೆ ಸೇರುತ್ತದೆ ಎಂದು ಮೊದಲೇ ತಿಳಿದಿರಲಿ. ದಮ್ಮಾಮಿನವರಿಗೆ ರಿಯಾದ್‌ನ ರಾಯಭಾರ ಕಚೇರಿ, ಮೆಕ್ಕಾ ಕಡೆಯವರಿಗೆ ಜಿದ್ದಾದ ಕಾನ್ಸುಲೇಟ್, ದುಬೈಯವರಿಗೆ ದುಬೈ ಕಾನ್ಸುಲೇಟ್, ಅಬುಧಾಬಿಯವರಿಗೆ ಅಲ್ಲಿನ ರಾಯಭಾರ ಕಚೇರಿ.

ಆಮೇಲೆ ಬರವಣಿಗೆಯಲ್ಲಿ ದೂರು. 2015ರಲ್ಲಿ ಶುರುವಾದ ಮದದ್ ಎಂಬ ಸರ್ಕಾರಿ ಜಾಲತಾಣ ಇದಕ್ಕಾಗಿಯೇ ಇದೆ. ಸಂಬಳ ಬಾಕಿ, ಮಾಲೀಕನ ಕಿರುಕುಳ, ಬಂಧನ, ಕಾಣೆಯಾಗಿರುವುದು, ಶವ ತರಿಸುವುದು, ಪರಿಹಾರ, ಎಲ್ಲಕ್ಕೂ ಬೇರೆ ಬೇರೆ ವಿಭಾಗಗಳಿವೆ. ದೂರನ್ನು ಮನೆಯವರೂ ಸಲ್ಲಿಸಬಹುದು. ಸಲ್ಲಿಸಿದ ಮೇಲೆ ಒಂದು ಸಂಖ್ಯೆ ಬರುತ್ತದೆ. ಫೋನ್ ಮಾಡುವಾಗ, ಸಂಸದರ ಕಚೇರಿಗೆ ಹೋಗುವಾಗ, ಜಿಲ್ಲಾಧಿಕಾರಿಗೆ ಮನವಿ ಕೊಡುವಾಗ, ಎಲ್ಲ ಕಡೆ ಆ ಸಂಖ್ಯೆಯನ್ನು ಬರೆಯಿರಿ. ಒಂದೇ ವಿಷಯಕ್ಕೆ ಹೊಸ ಹೊಸ ದೂರು ಹಾಕಬೇಡಿ, ಅದೇ ಸಂಖ್ಯೆಯನ್ನು ಹಿಡಿದು ಕೇಳುತ್ತಿರಿ.

ಅರ್ಜಿ ಬರೆಸಲು ಬಂದವರು ಮೊದಲು ಅಳುತ್ತಾರೆ, ಆಮೇಲೆ ಕತೆಯನ್ನು ಹಿಂದಿನಿಂದ ಹೇಳುತ್ತಾರೆ. ಸಹಜ. ಆದರೆ ಅರ್ಜಿಯ ಮೊದಲ ನಾಲ್ಕು ಸಾಲಿನಲ್ಲಿ ಅಧಿಕಾರಿಗೆ ಬೇಕಾದದ್ದು ಸಿಗಬೇಕು. ನಾನು ಬರೆಯುವ ಬಗೆ ಹೀಗೆ:

‘ನನ್ನ ಪತಿ ........, ಪಾಸ್‌ಪೋರ್ಟ್ ಸಂಖ್ಯೆ ........, ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕು ........ ಗ್ರಾಮದವರು. ........ ದಿನಾಂಕದಂದು ........ ಏಜೆನ್ಸಿಯ ಮೂಲಕ ಸೌದಿ ಅರೇಬಿಯಾದ ........ ನಗರದ ........ ಕಂಪನಿಗೆ ಕೆಲಸಕ್ಕೆ ಹೋಗಿದ್ದಾರೆ. ಇಕಾಮಾ ಸಂಖ್ಯೆ ......... ........ ತಿಂಗಳಿನಿಂದ ಅವರಿಗೆ ಸಂಬಳ ಕೊಟ್ಟಿಲ್ಲ, ಪಾಸ್‌ಪೋರ್ಟನ್ನು ಮಾಲೀಕರು ಇಟ್ಟುಕೊಂಡಿದ್ದಾರೆ. ಈಗ ಅವರು ........ ಶಿಬಿರದಲ್ಲಿದ್ದಾರೆ, ಮೊಬೈಲ್ ......... ಬಾಕಿ ಸಂಬಳ ಕೊಡಿಸಿ ಅವರನ್ನು ಊರಿಗೆ ಕಳುಹಿಸಿಕೊಡಬೇಕೆಂದು ಕೋರುತ್ತೇನೆ.’

ಇಷ್ಟು ಸಾಕು. ಇದನ್ನು ಇಂಗ್ಲಿಷಿನಲ್ಲಿ ಬರೆಸಿ ಮದದ್‌ನಲ್ಲಿ ಹಾಕಿ, ರಾಯಭಾರ ಕಚೇರಿಗೆ ಮಿಂಚಂಚೆಯಲ್ಲಿ ಕಳುಹಿಸಿ, ಕನ್ನಡದ ಪ್ರತಿಯನ್ನು ಜಿಲ್ಲಾಧಿಕಾರಿ ಕಚೇರಿಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಏನು ಬೇಕು ಎಂಬುದನ್ನು ಸ್ಪಷ್ಟವಾಗಿ ಕೇಳಬೇಕು: ಸಂಬಳವೋ, ಊರಿಗೆ ಬರುವುದೋ, ಎರಡೂವೋ. ‘ನ್ಯಾಯ ಕೊಡಿಸಿ’ ಎಂದು ಮಾತ್ರ ಬರೆದರೆ ಅಧಿಕಾರಿ ಏನು ಮಾಡಬೇಕೆಂದು ತಿಳಿಯುವುದಿಲ್ಲ.

ಮಾಲೀಕನೊಂದಿಗೆ ಜಗಳವಾಡಿ ಕೆಲಸ ಬಿಟ್ಟು ಓಡಿಹೋಗುವ ಯೋಚನೆ ಹುಡುಗರಿಗೆ ಬರುತ್ತದೆ. ಸೌದಿಯಲ್ಲಿ ಮಾಲೀಕ ಅವನ ಮೇಲೆ ‘ಹುರೂಬ್’ ಎಂದು, ಅಂದರೆ ಪರಾರಿ ಎಂದು ದಾಖಲಿಸಿದರೆ ಅವನು ಕಾನೂನಿನ ಕಣ್ಣಿಗೆ ತಪ್ಪಿತಸ್ಥ. ಮನೆಯಿಂದ ಫೋನ್ ಮಾಡುವವರು ‘ಬಿಟ್ಟು ಬಂದುಬಿಡು’ ಎನ್ನುವ ಬದಲು ‘ಮೊದಲು ರಾಯಭಾರ ಕಚೇರಿಗೆ ಹೇಳು’ ಎನ್ನಿ.

ರಾಯಭಾರ ಕಚೇರಿಗಳ ಕೈಯಲ್ಲಿ ಭಾರತೀಯ ಸಮುದಾಯ ಕಲ್ಯಾಣ ನಿಧಿ ಎಂಬ ಹಣವಿದೆ. 2009ರಲ್ಲಿ ಶುರುವಾದ ಈ ನಿಧಿಯ ನಿಯಮಗಳನ್ನು 2017ರಲ್ಲಿ ಇನ್ನಷ್ಟು ವಿಸ್ತರಿಸಿದರು. ಕಷ್ಟದಲ್ಲಿರುವವನ ಊಟ ವಸತಿ, ಊರಿಗೆ ಬರುವ ಟಿಕೆಟ್, ತುರ್ತು ಚಿಕಿತ್ಸೆ, ವಕೀಲರ ನೆರವು, ಶವ ಕಳುಹಿಸುವ ಖರ್ಚು, ಇವನ್ನೆಲ್ಲ ಅದರಿಂದ ಭರಿಸಬಹುದು. ಅದು ಅರ್ಹತೆ ನೋಡಿ ಕೊಡುವ ನೆರವು. ಮನೆಯ ಸ್ಥಿತಿ ಏನು, ಮಾಲೀಕ ಯಾಕೆ ಕೊಡುತ್ತಿಲ್ಲ ಎಂಬುದನ್ನು ನಾವು ಬರೆದು ತಿಳಿಸಬೇಕು, ಈ ನಿಧಿಯ ಹೆಸರು ಹೇಳಿ ಕೇಳಬೇಕು. ಕೇಳಿದವರಿಗೇ ಸಿಗುತ್ತದೆ.

ಬಂಧನವಾಗಿದ್ದರೆ 1963ರ ವಿಯೆನ್ನಾ ಒಪ್ಪಂದದಂತೆ ತನ್ನ ದೇಶದ ಕಚೇರಿಗೆ ತಿಳಿಸಿ ಎಂದು ಕೇಳುವ ಹಕ್ಕು ಬಂಧಿತನಿಗಿದೆ. ಅಧಿಕಾರಿಗಳು ಜೈಲಿಗೆ ಹೋಗಿ ಅವನನ್ನು ಭೇಟಿಯಾಗಬಹುದು. ಅವರು ಅಲ್ಲಿನ ನ್ಯಾಯಾಲಯದ ತೀರ್ಪನ್ನು ಬದಲಿಸಲಾರರು, ಅಂಥ ಮಾತು ಕೊಟ್ಟು ಹಣ ಕೇಳುವ ದಲ್ಲಾಳಿಗಳನ್ನು ನಂಬಬೇಡಿ.

ಸಾವು

ಇದನ್ನು ಬರೆಯುವುದು ಕಷ್ಟ, ಬಿಡುವಂತೆಯೂ ಇಲ್ಲ. ಶವ ಬರಲು ಅಲ್ಲಿನ ಮರಣ ಪ್ರಮಾಣಪತ್ರ, ಪೊಲೀಸರ ಕಾಗದ, ರಾಯಭಾರ ಕಚೇರಿಯ ನಿರಾಕ್ಷೇಪಣಾ ಪತ್ರ, ರದ್ದು ಮಾಡಿದ ಪಾಸ್‌ಪೋರ್ಟ್ ಬೇಕು. ಇವು ಅಲ್ಲಿ ಆಗುವ ಕೆಲಸಗಳು. ಇಲ್ಲಿಂದ ಹೋಗಬೇಕಾದದ್ದು ಹತ್ತಿರದ ವಾರಸುದಾರರ ಒಪ್ಪಿಗೆ ಪತ್ರ. ಶವ ಊರಿಗೆ ಬರಬೇಕೋ ಅಲ್ಲಿಯೇ ಮಣ್ಣು ಮಾಡಬೇಕೋ, ಅಲ್ಲಿ ಯಾರು ಸಹಿ ಹಾಕುತ್ತಾರೆ, ಈ ಎರಡನ್ನು ಬರೆದು ನೋಟರಿ ಮಾಡಿಸಿ ಕಳುಹಿಸಬೇಕು. ಮನೆಯಲ್ಲಿ ಹೆಂಡತಿ ಒಂದು, ಅಣ್ಣ ಒಂದು ಪತ್ರ ಕಳುಹಿಸಿದರೆ ಕೆಲಸ ನಿಲ್ಲುತ್ತದೆ. ಹಿರಿಯರು ಕೂತು ಒಂದು ಮಾತಿಗೆ ಬರಬೇಕು, ಹೆಂಡತಿಯ ಮಾತು ಮೊದಲಾಗಬೇಕು. ಶವ ಬರುವುದನ್ನು ಬೇಗ ಮಾಡಲು ಆರೋಗ್ಯ ಸಚಿವಾಲಯ 2023ರಲ್ಲಿ ಇ-ಕೇರ್ ಎಂಬ ಜಾಲತಾಣ ತೆರೆದಿದೆ. ಹೈದರಾಬಾದಿಗೆ ಇಳಿಸಬೇಕೋ ಬೆಂಗಳೂರಿಗೋ ಎಂಬುದನ್ನು ಮೊದಲೇ ತಿಳಿಸಿ, ಅಲ್ಲಿಂದ ಊರಿಗೆ ತರುವ ವಾಹನವನ್ನೂ ಆಗಲೇ ಗೊತ್ತು ಮಾಡಿ.

ಬಾಕಿ ಸಂಬಳ, ಪರಿಹಾರ, ವಿಮೆಗೆ ಓಡಾಟ ಆಮೇಲೆ ಶುರುವಾಗುತ್ತದೆ. ನಾಡಕಚೇರಿಯಲ್ಲಿ ವಂಶವೃಕ್ಷಕ್ಕೂ ಜೀವಂತ ಸದಸ್ಯರ ಪ್ರಮಾಣಪತ್ರಕ್ಕೂ ಕೂಡಲೇ ಅರ್ಜಿ ಹಾಕಿ. ವಿಮೆಗೆ ರಾಯಭಾರ ಕಚೇರಿಯು ಅಪಘಾತದ ಸಾವೆಂದು ದೃಢೀಕರಿಸಿದ ಪತ್ರ ಸಾಕಾಗುತ್ತದೆ, ಅದನ್ನು ಶವದ ಕಾಗದಗಳ ಜೊತೆಯಲ್ಲೇ ಕೇಳಿ ಪಡೆಯಿರಿ. ಮಾಲೀಕರ ಕಡೆಯವರು ಖಾಲಿ ಕಾಗದಕ್ಕೋ ಅರಬ್ಬಿ ಕಾಗದಕ್ಕೋ ಸಹಿ ಕೇಳಿದರೆ ಹಾಕಬೇಡಿ. ಎಷ್ಟೇ ಒಳ್ಳೆಯ ಮಾತಾಡಿದರೂ ಹಾಕಬೇಡಿ.

ಯುದ್ಧ, ಮೋಸದ ಶಿಬಿರ

2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಕಾಳಗ ಶುರುವಾದಾಗ ಸಿಕ್ಕಿಹಾಕಿಕೊಂಡವರಲ್ಲಿ ನಮ್ಮ ಕರ್ನಾಟಕದ ಹಕ್ಕಿಪಿಕ್ಕಿ ಸಮುದಾಯದವರೂ ಇದ್ದರು. ಆಪರೇಷನ್ ಕಾವೇರಿ ಎಂಬ ಸರ್ಕಾರದ ಕಾರ್ಯಾಚರಣೆಯಲ್ಲಿ ಅವರನ್ನು ಕರೆತಂದರು. ಇಂಥ ಹೊತ್ತಿನಲ್ಲಿ ರಾಯಭಾರ ಕಚೇರಿ ಹೆಸರು ನೋಂದಾಯಿಸಲು ಹೇಳುತ್ತದೆ. ಅಲ್ಲಿರುವವನಿಗೆ ಇಂಟರ್‌ನೆಟ್ ಇಲ್ಲದಿದ್ದರೆ ಕಡತ ನೋಡಿ ಮನೆಯವರು ಅವನ ವಿವರಗಳನ್ನು ತಲುಪಿಸಿ.

ಓದಿದ ಹುಡುಗರಿಗೆ ಈಗ ಬೇರೆಯ ಬಲೆ ಇದೆ. ಥಾಯ್ಲೆಂಡಿನಲ್ಲಿ ಕಂಪ್ಯೂಟರ್ ಕೆಲಸ ಎಂದು ಕರೆದು ಮ್ಯಾನ್ಮಾರಿನ ಗಡಿ ದಾಟಿಸಿ, ಬೇಲಿ ಹಾಕಿದ ಕಟ್ಟಡಗಳಲ್ಲಿ ಕೂಡಿಹಾಕಿ ಆನ್‌ಲೈನ್ ವಂಚನೆ ಮಾಡಿಸುತ್ತಾರೆ. 2025ರ ಆರಂಭದಲ್ಲಿ ಚೀನಾ ತನ್ನ ಸಾವಿರಾರು ಜನರನ್ನು ಅಲ್ಲಿಂದ ವಿಮಾನಗಳಲ್ಲಿ ಕರೆಸಿಕೊಂಡಿತು. ಅದೇ ಮಾರ್ಚ್‌ನಲ್ಲಿ ಭಾರತದ ವಾಯುಪಡೆಯ ವಿಮಾನಗಳಲ್ಲಿ ನಮ್ಮವರು 500ಕ್ಕೂ ಹೆಚ್ಚು ಮಂದಿ ಬಂದರು. ಡಾಟಾ ಎಂಟ್ರಿಗೆ ಲಕ್ಷ ರೂಪಾಯಿ ಸಂಬಳ, ಪ್ರವಾಸಿ ವೀಸಾ, ವಾಟ್ಸಾಪಿನಲ್ಲೇ ಸಂದರ್ಶನ ಎಂದರೆ ಹುಡುಗನನ್ನು ಕಳುಹಿಸಬೇಡಿ.

ಮೋಸ ಮಾಡಿದ ಏಜೆಂಟ್

ನಿಮ್ಮ ಊರಿನ ಪೊಲೀಸ್ ಠಾಣೆಯಲ್ಲೇ ದೂರು ಕೊಡಿ, ವಲಸೆ ಅನುಮತಿ ಕೊಡುವ ಅಧಿಕಾರಿಯಾದ ಬೆಂಗಳೂರಿನ ವಲಸಿಗರ ಸಂರಕ್ಷಣಾಧಿಕಾರಿಗೂ ಇ-ಮೈಗ್ರೇಟ್‌ನಲ್ಲೂ ಪ್ರತಿ ಕಳುಹಿಸಿ. ವಲಸೆ ಕಾಯ್ದೆಯಡಿ ಮೊಕದ್ದಮೆ ಹೂಡಲು ಕೇಂದ್ರದ ಪೂರ್ವಾನುಮತಿ ಬೇಕು ಎಂದು ಠಾಣೆಯಲ್ಲಿ ಹೇಳಬಹುದು. ಆ ಕಾಯ್ದೆಯ 27ನೇ ಕಲಮಿನಲ್ಲಿ ಒಂದು ವಿನಾಯಿತಿ ಇದೆ: ವಲಸೆ ಹೋದವನೇ ದೂರು ಕೊಟ್ಟರೆ, ಅಥವಾ ಅವನ ಪರವಾಗಿ ತಂದೆ, ತಾಯಿ, ಹೆಂಡತಿ, ಮಗ, ಮಗಳು, ಅಣ್ಣ ತಮ್ಮ, ಅಕ್ಕ ತಂಗಿ ಕೊಟ್ಟರೆ ಆ ಅನುಮತಿ ಬೇಕಿಲ್ಲ. ದೂರಿನಲ್ಲಿ ಈ ಕಲಮನ್ನು ಹೆಸರಿಸಿ ಬರೆಯಿರಿ. ಜೊತೆಗೆ ವಂಚನೆಗಾಗಿ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮನ್ನೂ ಹಾಕುವಂತೆ ಕೇಳಿ. ಬ್ಯಾಂಕಿನ ಹಣ ವರ್ಗಾವಣೆಯ ಚೀಟಿ, ವಾಟ್ಸಾಪ್ ಸಂದೇಶಗಳ ಮುದ್ರಿತ ಪ್ರತಿ ಲಗತ್ತಿಸಿ.

ಮರಳಿ ಬರುವವರಿಗೆ

ಪಾಸ್‌ಪೋರ್ಟ್ ಮಾಲೀಕನ ಹತ್ತಿರವೇ ಉಳಿದಿದ್ದರೂ ರಾಯಭಾರ ಕಚೇರಿ ಕೊಡುವ ತುರ್ತು ಪ್ರಯಾಣ ಪತ್ರದ ಮೇಲೆ ಭಾರತಕ್ಕೆ ಬರಬಹುದು. ವೀಸಾ ಅವಧಿ ಮೀರಿದವರಿಗೆ ಆಗಾಗ ಕ್ಷಮಾದಾನದ ಅವಧಿ ಘೋಷಿಸುತ್ತಾರೆ. 2024ರಲ್ಲಿ ಕುವೈತ್‌ನಲ್ಲೂ ಸಂಯುಕ್ತ ಅರಬ್ ಸಂಸ್ಥಾನದಲ್ಲೂ ಹಾಗೆ ಆಯಿತು. ಆಗ ದಂಡ ಕಟ್ಟದೆ ಬರಲು ದಾರಿ ಸಿಗುತ್ತದೆ, ಸುದ್ದಿ ಕೇಳಿದ ದಿನವೇ ಅವನಿಗೆ ತಿಳಿಸಿ. ಸಂಬಳ ಬಾಕಿ ಇಟ್ಟುಕೊಂಡೇ ಬರಬೇಕಾಗಿ ಬಂದರೆ, ವಿಮಾನ ಹತ್ತುವ ಮೊದಲು ಅಲ್ಲಿನ ನಂಬಿಕಸ್ಥರೊಬ್ಬರ ಹೆಸರಿಗೆ ಬಾಕಿ ವಸೂಲಿಯ ಅಧಿಕಾರ ಪತ್ರ ಬರೆದುಕೊಟ್ಟು, ಅದರ ಪ್ರತಿಯನ್ನು ರಾಯಭಾರ ಕಚೇರಿಗೆ ಕೊಟ್ಟು ಬರಲಿ. ಸಂಬಳದ ಚೀಟಿಗಳು, ಹಾಜರಿಯ ಫೋಟೊ, ಕಂಪನಿಯ ಗುರುತಿನ ಚೀಟಿ, ಇವನ್ನು ಊರಿಗೆ ಬಂದ ಮೇಲೂ ಎಸೆಯಬೇಡಿ. ಮದದ್‌ನ ದೂರಿನಲ್ಲಿ ಬಾಕಿ ತೀರಿದೆ ಎಂದು ನೀವೇ ಒಪ್ಪುವವರೆಗೆ ಅವೆಲ್ಲ ಅದೇ ಕಡತದಲ್ಲಿರಲಿ.